ಉಟ್ಟು ಹಳೆಯದು ಮಾಡುವ ಕೆಲಸ

ನಾನೀಗ ಉಟ್ಟಿರುವ ಸೀರೆ ನನ್ನದಲ್ಲ. ಬದನೆಕಾಯಿ ಬಣ್ಣದ್ದು. ನಾಲ್ಕನೇ ಕ್ಲಾಸಿನಿಂದಲೂ ಈ ಬಣ್ಣ ಕಂಡರೆ ನನಗೆ ಮೈಯೆಲ್ಲ ಕೆರೆತ. ಅದರ ಕಾರಣ ಆಮೇಲೆ ಹೇಳುತ್ತೇನೆ. ಮೊನ್ನೆ ಹಾಲು ತರಲು ಹೋದಾಗ ಎದುರು ಮನೆಯ ಲಲಿತಮ್ಮ ತಡೆಯಲಾರದೆ ಕೇಳಿಯೇ ಬಿಟ್ಟರು: "ಏನ್ ಟೀಚರ್, ಒಂದ್ ವಾರದಿಂದ ಒಂದೇ ಸೀರೇಲಿ ಕಾಣ್ತಾ ಇದೀರಾ?"

"ಹೊಸಾ ಸೀರೆ ಲಲಿತಮ್ಮ. ಹಳೇದು ಮಾಡ್ತಾ ಇದೀನಿ" ಎಂದೆ.

ಅವರು ನಕ್ಕು ಒಳಗೆ ಹೋದರು. ರಿಟೈರ್ ಆದಮೇಲೆ ಟೀಚರಿಗೆ ತಲೆ ಒಂಚೂರು ಹಂಗಾಗಿದೆ ಎಂದು ಇಷ್ಟು ಹೊತ್ತಿಗೆ ತುಮಕೂರಿನ ಈ ಮರಳೂರಿನಲ್ಲಿ ನಮ್ಮ ಬೀದಿಗೆಲ್ಲ ಗೊತ್ತಾಗಿರಬೇಕು. ಆಗಲಿ. ಪೆನ್ಷನ್ನಿಗೇನೂ ತೊಂದರೆಯಿಲ್ಲವಲ್ಲ.

ಸೀರೆ ಹಳೆಯದಾಗುವುದು ತಂತಾನೇ ಆಗುವ ಕೆಲಸ ಎಂದು ನಾವೆಲ್ಲ ತಿಳಿದಿರುತ್ತೇವೆ. ಬೇಕೆಂದೇ ಹಳೆಯದು ಮಾಡಲು ಹೊರಟಾಗ ಅದರ ಕಷ್ಟ ಗೊತ್ತಾಗುತ್ತದೆ. ಉಟ್ಟುಕೊಂಡು ಕಸ ಗುಡಿಸಬೇಕು, ಒಗ್ಗರಣೆ ಹಾಕಬೇಕು, ಮಧ್ಯಾಹ್ನ ಅದರಲ್ಲೇ ಒಂದು ಗಳಿಗೆ ಉರುಳಬೇಕು, ಒಗೆದು ಒಣಹಾಕಿ ಮಾರನೆಯ ದಿನ ಮತ್ತೆ ಅದನ್ನೇ ಸುತ್ತಿಕೊಳ್ಳಬೇಕು. ವಾಷಿಂಗ್ ಮಷೀನಿಗೆ ಹತ್ತು ಸಲ ಹಾಕಿದರೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಬಣ್ಣ ಹೋಗುತ್ತದೆ, ಬಿರುಸು ಹೋಗುವುದಿಲ್ಲ. ಬಟ್ಟೆ ಮೈ ಸೋಕಿ ಸೋಕಿಯೇ ಮೆತ್ತಗಾಗಬೇಕು. ಇದು ನನ್ನ ಅವ್ವನ ಶಾಸ್ತ್ರ.

ಅವ್ವನ ಮೇಲೆ ನನಗೆ ಸಿಟ್ಟಿದೆ. ಅವಳ ಶಾಸ್ತ್ರ ಮಾತ್ರ ಬಿಡಲಾಗಿಲ್ಲ.

ಗುಬ್ಬಿಯಿಂದ ಒಳಗೆ ನಮ್ಮೂರು. ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ, ಜಗುಲಿಯ ಮೂಲೆಯಲ್ಲಿ ಅವ್ವನ ಹೊಲಿಗೆಯ ಕೈಮಿಷನ್ನು. ಯುಗಾದಿ ಹತ್ತಿರ ಬಂತೆಂದರೆ ಅಪ್ಪ ತುಮಕೂರಿಗೆ ಹೋಗಿ ಒಂದು ಇಡೀ ತಾನು ಬಟ್ಟೆ ಹೊತ್ತು ತರುತ್ತಿದ್ದ. ತಾನಿನಲ್ಲಿ ತಂದರೆ ಅಗ್ಗ. ಆ ವರ್ಷದ ತಾನು ಹಳದಿಯ ಮೇಲೆ ಕೆಂಪು ಹೂವಿನದಾದರೆ ಅಕ್ಕನ ಲಂಗ, ನನ್ನ ಫ್ರಾಕು, ಬಾಗಿಲ ಪರದೆ, ದಿಂಬಿನ ಕವರು, ಮಿಷನ್ನಿನ ಮುಸುಕು ಎಲ್ಲವೂ ಹಳದಿಯ ಮೇಲೆ ಕೆಂಪು ಹೂವು. ಕಣ್ಣು ಮಂಜಾಗಿದ್ದ ನಮ್ಮಜ್ಜ ಜಗುಲಿಯಲ್ಲಿ ಕೂತು ಬಾಗಿಲ ಪರದೆಯನ್ನು ನೋಡಿ, "ಅಲ್ಲೇನ್ ನೆಟ್ಟಗೆ ನಿಂತಿದ್ದೀಯ, ನೀರ್ ತತ್ತಾರೇ" ಎಂದು ಗದರುತ್ತಿದ್ದ. ಪರದೆ ಅಲ್ಲಾಡದಿದ್ದರೆ, "ಈ ಎರಡ್ನೇದು ಮೊಂಡು" ಎಂದು ನನಗೆ ಹೆಸರಿಟ್ಟಿದ್ದ. ಮೊಂಡು ಎಂಬ ಹೆಸರು ನನಗೆ ಬಂದದ್ದು ಒಂದು ಪರದೆಯಿಂದ.

ನಮ್ಮ ತಮ್ಮ ಮಂಜ ಈ ತಾನಿನೊಳಗೆ ಯಾವತ್ತೂ ಸೇರಲಿಲ್ಲ. ಅವನಿಗೆ ತುಮಕೂರಿನಿಂದ ರೆಡಿಮೇಡು ಬರುತ್ತಿತ್ತು. ಗಾಜಿನ ಹಾಗೆ ಪರಪರ ಎನ್ನುವ ಕವರು, ಕಾಲರಿನೊಳಗೆ ರಟ್ಟು, ಗುಂಡಿಗೊಂದು ಗುಂಡುಪಿನ್ನು. ಪಿನ್ನುಗಳನ್ನು ಬಿಡಿಸಿ ಡಬ್ಬಿಗೆ ಹಾಕುವ ಕೆಲಸ ಮಾತ್ರ ನಮ್ಮದು. "ಅವ್ನಿಗೆ ಹೊಲ್ದಿದ್ ಆಗಕಿಲ್ಲ ಕಣ್ರೇ, ಗಂಡ್ ಹುಡ್ಗ" ಎನ್ನುತ್ತಿದ್ದಳು ಅವ್ವ. ಗಂಡು ಮೈಗೆ ಹೊಲಿದದ್ದು ಯಾಕೆ ಆಗುವುದಿಲ್ಲ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಆಗೇನೋ ಅದು ಜೀವಶಾಸ್ತ್ರದ ಸಂಗತಿಯೆಂದೇ ನಂಬಿದ್ದೆ.

ಸ್ಕೂಲ್ ಡೇಗೆ ವೇಷಗಳನ್ನು ಹೊಲಿಯುತ್ತಿದ್ದವಳೂ ಅವಳೇ. ಯಾರು ಯಾವ ಪಾತ್ರ ಎಂದು ಮೇಷ್ಟ್ರು ಹಂಚುವುದು ಬೇರೆ ಮಕ್ಕಳಿಗೆ. ನನ್ನ ಪಾತ್ರವನ್ನು ತೀರ್ಮಾನಿಸುತ್ತಿದ್ದುದು ಮನೆಯಲ್ಲಿ ಉಳಿದ ಬಟ್ಟೆ. ಹಸಿರು ಪರದೆ ಹರಿದ ವರ್ಷ ನಾನು ಮರ. ಬಿಳಿ ಪಂಚೆ ಸವೆದ ವರ್ಷ ಮೋಡ. ನಾಲ್ಕನೇ ಕ್ಲಾಸಿನಲ್ಲಿ ಅವ್ವನ ಪೆಟ್ಟಿಗೆಯಲ್ಲಿ ಬದನೆಕಾಯಿ ಬಣ್ಣದ ಬ್ಲೌಸ್ ಪೀಸುಗಳ ರಾಶಿಯೇ ಉಳಿದಿತ್ತು. ಯಾರ್ಯಾರೋ ಮಡಿಲು ತುಂಬಿದಾಗ ಕೊಟ್ಟವು. ಅವ್ವನಿಗೆ ಆ ಬಣ್ಣ ಸೇರುತ್ತಿರಲಿಲ್ಲ. "ಆ ಬಣ್ಣ ಉಟ್ರೆ ನಾನು ಒಲೆ ಮುಂದಿನ ಮಸಿ ಮಡಕೆ ಆಯ್ತೀನಿ" ಎನ್ನುತ್ತಿದ್ದಳು. ಬ್ಲೌಸಾಗಿ ಇರಲಿ, ಸೀರೆಯಾಗಿ ಇರಲಿ, ಅದನ್ನು ಜನ್ಮದಲ್ಲಿ ಮೈಗೆ ಮುಟ್ಟಿಸಿದವಳಲ್ಲ. ಹೀಗಾಗಿ ಆ ವರ್ಷ ತರಕಾರಿಗಳ ರೂಪಕದಲ್ಲಿ ನಾನು ಬದನೆಕಾಯಿಯಾದೆ.

ಬದನೆಕಾಯಿ ಎಂದಮೇಲೆ ಗುಂಡಗಿರಬೇಕಲ್ಲ. ನಾನು ಕಡ್ಡಿ ಪೈಲ್ವಾನಿ. ಅವ್ವ ಎರಡು ಪದರದ ಚೀಲ ಹೊಲಿದು ನಡುವೆ ತೆಂಗಿನ ನಾರು ತುಂಬಿದಳು. ತೋಟದಲ್ಲಿ ಅದಕ್ಕೇನು ಬರ. ಸ್ಟೇಜು ಹತ್ತಿ ಎರಡು ಸಾಲು ಹೇಳುವಷ್ಟರಲ್ಲಿ ನಾರು ಹೊಲಿಗೆಯ ಸಂದಿಯಿಂದ ಇಣುಕಿ ಬೆನ್ನು, ಬಗಲು, ಹೊಟ್ಟೆ ಎಲ್ಲ ಕಡೆ ಚುಚ್ಚತೊಡಗಿತು. ನಾನು ಕುಣಿದೆ. ಬಳುಕಿದೆ. ಕಂಬಕ್ಕೆ ಬೆನ್ನು ತಿಕ್ಕಿದೆ. ಜನ ಅದನ್ನು ಡ್ಯಾನ್ಸ್ ಎಂದುಕೊಂಡು ಒನ್ಸ್ ಮೋರ್ ಎಂದರು. ಮಂಜ ಅದೇ ಸಂಜೆ ಬಾಡಿಗೆಯ ಕಿರೀಟ, ಹೊಸ ಸ್ಯಾಟಿನ್ನಿನ ಪೀತಾಂಬರ ತೊಟ್ಟು ಕೃಷ್ಣನಾಗಿ ಸುಮ್ಮನೆ ನಿಂತಿದ್ದ. ಅವನಿಗೆ ಮಾತೂ ಇರಲಿಲ್ಲ, ನಿಂತರೆ ಸಾಕಿತ್ತು.

ಲೆಕ್ಕ ಹಾಕಿದರೆ ನಮ್ಮ ತೋಟದಿಂದ ನನ್ನ ಮೈಗೆ ಬಂದದ್ದು ಆ ನಾರು ಮಾತ್ರ. ತೋಟದ ವಿಷಯ ಹೇಳುವುದಕ್ಕೆ ಮೊದಲು ಕೌದಿಯ ವಿಷಯ ಹೇಳಿಬಿಡುತ್ತೇನೆ.

ನಮ್ಮಲ್ಲಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಹೆಸರಿಡುವವರೆಗೂ ಯಾರಾದರೂ ತೊಟ್ಟು ಸವೆಸಿದ್ದೇ ಆಗಬೇಕು. ಕೂಸಿನ ಕೌದಿಯೂ ಅಷ್ಟೇ, ಮನೆಯ ಹೆಂಗಸರು ಉಟ್ಟು ಬಿಟ್ಟ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಸುತ್ತಿಕೊಂಡು ನಡುವಿನವರೆಗೂ ಕೈಯಲ್ಲಿ ಹೊಲಿಗೆ ಹಾಕಬೇಕು. ಅವ್ವ ಪ್ರತಿ ಸೀರೆಯನ್ನೂ ಕೆನ್ನೆಗೆ ಒತ್ತಿ ಒಂದು ಸಲ ಎಳೆಯುತ್ತಿದ್ದಳು. ಕೆನ್ನೆ ಒಪ್ಪಿದರೆ ಕೌದಿಗೆ, ಇಲ್ಲದಿದ್ದರೆ ಇನ್ನೂ ನಾಲ್ಕು ತಿಂಗಳು ಉಡುವುದಕ್ಕೆ. "ಹೊಸಾ ಬಟ್ಟೇಗೆ ಯಾರ ಮೈಯೂ ಗೊತ್ತಿರಕಿಲ್ಲ. ಅಂತಾದ್ರ ಮೇಲೆ ಕೂಸ್ ಮಲಗ್ಸಿದ್ರೆ ಅದು ಬೆಚ್ಚುತ್ತೆ" ಎನ್ನುವಳು. ಅಕ್ಕನ ಮಕ್ಕಳು, ನನ್ನ ಮಗ, ಮಂಜನ ಮಗಳು ಚೈತ್ರ ಎಲ್ಲರೂ ಅವ್ವ ಹೊಲಿದ ಕೌದಿಯಲ್ಲೇ ಉಚ್ಚೆ ಹೊಯ್ದು ಬೆಳೆದವರು. ನಾನು ಅವಳ ಪಕ್ಕ ಕೂತು ಹೊಲಿಗೆ ಕಲಿತೆ. ಅಕ್ಕನ ಹೊಲಿಗೆ ಅಂಕುಡೊಂಕು. "ನಿಂದು ಏರಿ ಹಾಕ್ದಂಗೈತೆ, ಇವ್ಳ್ದು ದನ ಓಡ್ದಂಗೈತೆ" ಎಂದು ಅವ್ವ ನಮ್ಮಿಬ್ಬರ ಹೊಲಿಗೆಗೂ ಒಟ್ಟಿಗೆ ಸರ್ಟಿಫಿಕೇಟ್ ಕೊಟ್ಟಿದ್ದಳು.

ಅಪ್ಪ ತೀರಿಕೊಂಡ ಮೇಲೆ ತೋಟ ಮಂಜನ ಹೆಸರಿಗಾಗಬೇಕಿತ್ತು. ಹೆಣ್ಣುಮಕ್ಕಳ ಸಹಿ ಬೇಕು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವಳು. ತಂದೆಯ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಇದು ಪರೀಕ್ಷೆಗೆ ಬರುತ್ತದೆ ಎಂದು ಹೇಳಿ, ಮಾರನೆಯ ದಿನ ರಜೆ ಹಾಕಿ ಗುಬ್ಬಿಗೆ ಹೋದೆ. ಹಿಂದಿನ ಸಂಜೆಯೇ ಅವ್ವ ಫೋನಿನಲ್ಲಿ ಇಬ್ಬರಿಗೂ ಹೇಳಿದ್ದಳು. "ಹೆಣ್ಮಕ್ಳು ಭಾಗ ಕೇಳುದ್ರೆ ತವರು ಬಾಗ್ಲು ಮುಚ್ಕೊತದೆ ಕಣ್ರವ್ವ. ಸೈನ್ ಹಾಕ್ಬುಡಿ. ಬಂದೋಗಕೆ ಒಂದ್ ಮನೆ ಅಂತ ಇರ್ಲಿ."

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರು, ಕ್ಯಾಮೆರಾ ನೋಡಿ ಎಂದರು. ಮಂಜ ಪಕ್ಕದಲ್ಲೇ ನಿಂತು, "ಇಲ್ಲಿ ಅಕ್ಕ, ಇಲ್ಲೊಂದು, ಹಿಂದ್ಗಡೆ ಒಂದು" ಎಂದು ಸಹಿಯ ಜಾಗ ತೋರಿಸಿದ. ಅವತ್ತಿನಷ್ಟು ಒಳ್ಳೆಯ ತಮ್ಮನಾಗಿ ಅವನು ಇನ್ಯಾವತ್ತೂ ಇರಲಿಲ್ಲ. ಸಂಜೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸುತ್ತೇನೆಂದು ಕಾರಿನಲ್ಲಿ ಅಷ್ಟು ದೂರ ಕರೆದುಕೊಂಡು ಹೋದ. ನಾನು ತಿಂದೆ. ಎರಡನೆಯದನ್ನೂ ಹಾಕಿಸಿಕೊಂಡೆ. ಇಡ್ಲಿಯೇನು ಮಾಡಿತ್ತು.

ಅದಕ್ಕೆ ಮೊದಲು ಮನೆಯಲ್ಲಿ ಮಂಜನ ಹೆಂಡತಿ ಭಾಗ್ಯ ನಮ್ಮಿಬ್ಬರನ್ನೂ ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ತಟ್ಟೆಯಲ್ಲಿ ಬಾಳೆಹಣ್ಣು, ಬ್ಲೌಸ್ ಪೀಸು, ಸೀರೆ ಇಟ್ಟು ಮಡಿಲಿಗೆ ಹಾಕಿದಳು. ಸಹಿ ಹಾಕಿದ ಹೆಣ್ಣುಮಕ್ಕಳಿಗೆ ಸೀರೆ ಕೊಡುವುದು ಪದ್ಧತಿ. ಗಿಣಿ ಹಸಿರು, ಕೆಂಪು ಅಂಚು, ಗಂಜಿ ಹಾಕಿ ರಟ್ಟಾಗಿದ್ದ ಹತ್ತಿ ಸೀರೆ. "ನೀವು ಟೀಚರು ಕಾಟನ್ನೇ ಉಡೋದಲ್ವಾ ಅತ್ಗೆ" ಎಂದಳು ನನ್ನ ಮುಖ ನೋಡದೆ. ಅಕ್ಕ ಟೀಚರಲ್ಲ. ಹುಲಿಯೂರುದುರ್ಗದಲ್ಲಿ ದನ ಕಟ್ಟಿಕೊಂಡು, ಹೊಲ ಮಾಡಿಕೊಂಡು ಇರುವವಳು. ಅವಳಿಗೂ ಅದೇ ಬಣ್ಣ, ಅದೇ ಅಂಚು. ಅವ್ವ ಎರಡನ್ನೂ ನೋಡಿ, "ಒಂದೇ ಥರಕೈತೆ, ಜಗ್ಳಿಲ್ಲ" ಎಂದು ಹಿಗ್ಗಿದಳು. ಚಿಕ್ಕಂದಿನ ಆ ಬಟ್ಟೆಯ ತಾನು ನಮ್ಮನ್ನು ಹುಡುಕಿಕೊಂಡು ಅಲ್ಲಿಯವರೆಗೂ ಬಂದಿತ್ತು.

ನಾನು ಆ ಸೀರೆ ಉಡಲಿಲ್ಲ. ಬೀರುವಿನ ಮೇಲಿನ ಖಾನೆಯಲ್ಲಿ ಡಬ್ಬಿ ಸಮೇತ ಇಟ್ಟೆ. ಅದಕ್ಕೆ ಸಹಿ ಸೀರೆ ಎಂದು ಹೆಸರಾಯಿತು. ಪ್ರತಿ ದೀಪಾವಳಿಗೆ ಬೀರು ಒರೆಸುವಾಗ ಅದನ್ನು ತೆಗೆದು, ನೋಡಿ, ಹಲ್ಲು ಕಡಿದು, ಮತ್ತೆ ಇಡುವುದು ನನ್ನ ಹಬ್ಬದ ಆಚರಣೆಗಳಲ್ಲಿ ಒಂದಾಯಿತು. ಯಾರಿಗೂ ಕೊಡಲಿಲ್ಲ, ಬಿಸಾಡಲೂ ಇಲ್ಲ. ಒಮ್ಮೆ ಅಕ್ಕನಿಗೆ ಫೋನ್ ಮಾಡಿ ನಿನ್ನದು ಏನು ಮಾಡಿದೆ ಎಂದು ಕೇಳಿದೆ.

"ಮೂರ್ನೇ ದಿನ್ವೇ ಕೊಟ್ಗೆಗೆ ಉಟ್ಕೊಂಡೆ. ಸೆರಗ ಕರ ತಿಂತು. ಮಿಕ್ಕಿದ್ದು ಟ್ರ್ಯಾಕ್ಟರ್ ಒರೆಸಕೆ ಆಯ್ತು."

"ನಿಂಗೆ ಸಿಟ್ಟೇ ಬರ್ಲಿಲ್ವೇನಕ್ಕ?"

"ಬಂತು ಕಣೇ ವಿಜಿ. ಆದ್ರೆ ಅವ್ರು ಕೊಟ್ಟಿದ್ದು ಸೀರೆ. ಸೀರೆ ಉಟ್ಕೊ, ಸಿಟ್ಟ ಬೇಕಾದ್ರೆ ಮಡಚಿಟ್ಕೊ. ನೀನು ಎಲ್ಡನ್ನೂ ಒಂದೇ ಡಬ್ಬೀಲಿ ಇಕ್ಕಿದ್ದೀಯ."

ಅವ್ವನೂ ಹೋದಳು. ಅವಳು ಹೇಳಿದ ಹಾಗೆ ತವರಿನ ಬಾಗಿಲು ತೆರೆದೇ ಇದೆ. ಮಂಜ ಗುಬ್ಬಿಯಲ್ಲೇ ದೊಡ್ಡ ಮನೆ ಕಟ್ಟಿದ್ದಾನೆ, ಬಾಗಿಲು ಸಾಗುವಾನಿಯದು. ನಾವು ಹಬ್ಬಕ್ಕೆ ಹೋಗುತ್ತೇವೆ, ಉಂಡು ಬರುತ್ತೇವೆ. ಬರುವಾಗ ಒಂದು ಚೀಲ ತೆಂಗಿನಕಾಯಿ ಕೊಡುತ್ತಾನೆ. ನಮ್ಮದೇ ತೋಟದ ಕಾಯಿಗೆ ನಾನು ಥ್ಯಾಂಕ್ಸ್ ಹೇಳುತ್ತೇನೆ.

ಹೋದ ವರ್ಷ ಭಾಗ್ಯ ಫೋನ್ ಮಾಡಿದಳು. ಚೈತ್ರ ಬಸುರಿ, ಬಾಣಂತನ ಗುಬ್ಬಿಯಲ್ಲೇ.

"ಕೌದಿ ಆಗ್ಬೇಕಿತ್ತು ಅತ್ಗೆ. ಅಂಗಡೀಲಿ ಎಂತೆಂಥವೋ ಸಿಗ್ತವೆ, ನಿಮ್ ತಮ್ಮ ಒಪ್ತಾ ಇಲ್ಲ. ನಮ್ಮನೇಲಿ ಎಲ್ರೂ ಅವ್ವನ ಕೌದೀಲೇ ಮಲ್ಗಿರೋದು ಅಂತವ್ರೆ. ಅವ್ರ ಕೈಗುಣ ಬಂದಿರೋದು ನಿಮಗೊಬ್ರಿಗೇ ಅಲ್ವಾ?"

ತೋಟದ ವಿಷಯ ಬಂದಾಗ ಕೊಟ್ಟ ಮನೆಯ ಹೆಣ್ಣು, ಹೊಲಿಗೆಯ ವಿಷಯ ಬಂದಾಗ ಅವ್ವನ ಮಗಳು. ಆಗುವುದಿಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೀರುವಿನ ಮೇಲಿನ ಖಾನೆ ನೆನಪಾಯಿತು. "ಹೊಲಿದು ಕೊಡ್ತೀನಿ ಬಿಡು" ಎಂದೆ, ನನಗೇ ಆಶ್ಚರ್ಯವಾಗುವಷ್ಟು ಸಿಹಿಯಾಗಿ.

ನನ್ನ ಯೋಜನೆ ಸರಳ. ಸಹಿ ಸೀರೆಯನ್ನು ಕೌದಿಗೆ ಹಾಕುವುದು. ಒಳಪದರಕ್ಕಲ್ಲ, ಮೇಲಕ್ಕೆ, ನಡುಮಧ್ಯಕ್ಕೆ. ತೊಟ್ಟಿಲ ಶಾಸ್ತ್ರದ ದಿನ ಮಂಜ ಅದನ್ನು ನೋಡಬೇಕು. ನೋಡಿ, ಇದು ಆ ಸೀರೆ ಎಂದು ಗುರುತು ಹಿಡಿದು, ಒಂದು ಗಳಿಗೆ ಮಾತು ನಿಲ್ಲಿಸಬೇಕು. ತೋಟ ವಾಪಸ್ಸು ಬೇಡ, ಪಾಲು ಬೇಡ, ಕ್ಷಮೆಯೂ ಬೇಡ. ಅಕ್ಕಂದಿರಿಂದ ತಾನು ಏನನ್ನೋ ತೆಗೆದುಕೊಂಡಿದ್ದೇನೆ ಎಂಬುದು ಅವನ ಮುಖದ ಮೇಲೆ ಒಂದೇ ಒಂದು ಸಲ ನನಗೆ ಕಾಣಬೇಕು. ಇಷ್ಟು ವರ್ಷ ನಾನು ಕಾದದ್ದು ಇಷ್ಟಕ್ಕೇ ಎಂದು ಫೋನಿಟ್ಟ ಮೇಲೆ ತಿಳಿಯಿತು.

ಒಂದೇ ತೊಡಕು. ಸೀರೆ ಹೊಸದು. ಡಬ್ಬಿ ತೆಗೆದು ಕೆನ್ನೆಗೆ ಎಳೆದು ನೋಡಿದೆ, ಗಂಜಿ ಗೀರಿತು. ಹಾಗೇ ಹಾಕಿ ಹೊಲಿಯಬಹುದಿತ್ತು, ಕೇಳುವವರು ಯಾರಿದ್ದರು. ಆದರೆ ಸಿಟ್ಟು ತಮ್ಮನ ಮೇಲೆ. ಇನ್ನೂ ಹುಟ್ಟದ ಕೂಸು ಏನು ಮಾಡಿತ್ತು? ಅದು ಬೆಚ್ಚಬಾರದು. ಹೀಗಾಗಿ ವರ್ಷಾನುಗಟ್ಟಲೆ ಉಡುವುದಿಲ್ಲವೆಂದು ಹಟ ಹಿಡಿದ ಸೀರೆಯನ್ನು ನಾನು ದಿನಾ ಉಡಬೇಕಾಗಿ ಬಂತು.

ಮೊದಲ ದಿನ ಉಟ್ಟಾಗ ಕನ್ನಡಿ ನೋಡಲಿಲ್ಲ. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ, "ಚೆನ್ನಾಗ್ ಕಾಣತ್ತಲ್ಲ ನಿಂಗೆ" ಎಂದರು. ಅವರ ಕಾಫಿಗೆ ಅವತ್ತು ಸಕ್ಕರೆ ಬೀಳಲಿಲ್ಲ. ಲಲಿತಮ್ಮ ಗೇಟಿನ ಹತ್ತಿರವೇ ಸೆರಗು ಹಿಡಿದು ನೋಡಿ, ಯಾವ ಅಂಗಡಿ ಟೀಚರ್ ಎಂದರು. "ಗುಬ್ಬಿ ಸಬ್ ರಿಜಿಸ್ಟ್ರಾರ್ ಆಫೀಸು" ಎಂದೆ. ಅಲ್ಲಿ ಸೀರೆಯೂ ಮಾರುತ್ತಾರಾ ಎಂದು ಅವರು ನಿಜವಾಗಿಯೂ ಕೇಳಿದರು. ಅದನ್ನು ಉಟ್ಟು ರೊಟ್ಟಿ ತಟ್ಟಿದೆ, ಸಂಡಿಗೆ ಹಾಕಿದೆ, ಬಚ್ಚಲು ತಿಕ್ಕಿದೆ. ಹಾಳು ಸೀರೆ ದಿನ ಹೋದಂತೆ ಮೈಗೆ ಹಿತವಾಗತೊಡಗಿತು. ಬೇಸಿಗೆಗೆ ಅದರಷ್ಟು ತಂಪಾದ ಸೀರೆ ನನ್ನ ಹತ್ತಿರ ಇನ್ನೊಂದಿರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಕೆನ್ನೆ ಒಪ್ಪುವ ಹೊತ್ತಿಗೆ ಗಿಣಿ ಹಸಿರು ಮಂಕಾಗಿ ಒಣಗಿದ ಸೋಗೆಯ ಹಾಗಾಗಿತ್ತು.

ಹೊಲಿಯಲು ಕೂರುವಾಗ ಅಕ್ಕನನ್ನು ಕರೆಸಿಕೊಂಡೆ. ಕುಣಿಗಲ್ಲಿಗೆ ಬಂದು ಬಸ್ ಬದಲಾಯಿಸಿ, ಒಂದು ಕೈಯಲ್ಲಿ ಅವರೆಕಾಯಿ, ಇನ್ನೊಂದರಲ್ಲಿ ತನ್ನ ಹಳೆಯ ಸೀರೆಗಳ ಗಂಟು ಹಿಡಿದು ಬಂದಳು. ಒಳಗೆ ಅವಳವು ಎರಡು, ನಾನು ಸ್ಕೂಲಿಗೆ ಉಡುತ್ತಿದ್ದವು ಎರಡು ಹಾಸಿದೆವು. ಅವ್ವನ ಸೀರೆ ಒಂದೂ ನಮ್ಮ ಹತ್ತಿರ ಇರಲಿಲ್ಲ, ಎಲ್ಲವೂ ಗುಬ್ಬಿಯಲ್ಲೇ ಉಳಿದು ಯಾರ್ಯಾರ ಪಾಲಾದವೋ. ಮೇಲೆ, ನಡುವಿಗೆ, ಅಂಚು ಸಮೇತ ಸಹಿ ಸೀರೆಯ ದೊಡ್ಡ ಚೌಕ. ಅಕ್ಕನ ಬೆರಳಿಗೆ ಈಗ ಸೂಜಿ ನಿಲ್ಲುವುದಿಲ್ಲ. ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದಳು.

"ಅದ್ಯಾಕೆ ನಡುಮಧ್ಯಕ್ಕೆ ಇಕ್ಕಿದ್ದೀಯ? ಅವ್ನಿಗೆ ಕಾಣ್ಲಿ ಅಂತಾನಾ?"

"ಹೂಂ."

"ಕಾಣಕಿಲ್ಲ ಬುಡು. ಗಂಡಸ್ರಿಗೆ ಸೀರೆ ಉಟ್ಟೋರೇ ಕಾಣಕಿಲ್ಲ, ಇನ್ ಸೀರೆ ಎಲ್ ಕಾಣ್ತದೆ?"

ನಾನು ದಾರ ಹಲ್ಲಿನಲ್ಲಿ ಕಡಿದೆ. ಅವಳು ಬಗ್ಗಿ ನೋಡಿ, "ಹೊಲ್ಗೆ ಮಾತ್ರ ಅವ್ವಂದೇ" ಎಂದಳು.

ಚೈತ್ರಳಿಗೆ ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ಗುಬ್ಬಿಯ ಮನೆಯ ಮುಂದೆ ಶಾಮಿಯಾನ, ಅಡಿಗೆಯವರ ಗಲಾಟೆ, ಹಜಾರದ ತುಂಬ ನೆಂಟರು. ನಾನು ಒಳಕೋಣೆಯಲ್ಲಿ ಕೌದಿ ಬಿಡಿಸಿ ಮಂಚದ ಮೇಲೆ ಹಾಸಿದೆ. ಹೆಂಗಸರೆಲ್ಲ ಬಂದು ಮುಟ್ಟಿ, ಹೊಲಿಗೆ ನೋಡಿ, ನಮ್ಮ ಕಡೆಗೂ ಒಂದು ಹಾಕಿಕೊಡಿ ಎಂದರು. ನನಗೆ ಅವರ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಬಾಗಿಲ ಕಡೆಗೇ ಕಣ್ಣು.

ಮಂಜ ಬಂದ. ರೇಷ್ಮೆ ಪಂಚೆ, ಕೈಯಲ್ಲಿ ಫೋನು, ಐಸ್‌ಕ್ರೀಮ್ ಇನ್ನೂ ಬಂದಿಲ್ಲವೆಂದು ಯಾರ ಮೇಲೋ ರೇಗುತ್ತಿದ್ದ. ಕೌದಿ ಕಂಡದ್ದೇ ಮಾತು ನಿಂತಿತು. ಫೋನನ್ನು ಜೇಬಿಗೆ ಹಾಕಿದ. ಬಗ್ಗಿ ನಡುವಿನ ಚೌಕದ ಮೇಲೆ ಕೈಯಾಡಿಸಿದ. ಅವನು ತಲೆಯೆತ್ತಿದಾಗ ಕಣ್ಣಲ್ಲಿ ನೀರಿತ್ತು.

"ಅಕ್ಕ, ಇದು ಅವ್ವನ ಸೀರೆ ಅಲ್ವಾ? ತೋಟಕ್ಕೆ ಉಟ್ಕೊಂಡ್ ಬರ್ತಿದ್ಲಲ್ಲ, ಹಸ್ರುದು?"

ಅವನು ಕೌದಿ ಎತ್ತಿ ಆ ಚೌಕವನ್ನು ಮುಖಕ್ಕೆ ಒತ್ತಿಕೊಂಡ. "ಅವ್ವನ ವಾಸ್ನೆ ಹಂಗೇ ಐತೆ ಕಣಕ್ಕ."

ಅದು ನನ್ನ ಬೆವರಿನ ವಾಸನೆ. ಮರಳೂರಿನ ಬೋರ್ ನೀರು, ನಮ್ಮ ಮನೆಯ ಸೋಪು, ನನ್ನ ಒಗ್ಗರಣೆ. ತೋಟಕ್ಕೆ ಪ್ರತಿಯಾಗಿ ಅವನೇ ಕೊಟ್ಟ ಸೀರೆಯನ್ನು ಅವನೇ ಕಣ್ಣಿಗೆ ಒತ್ತಿಕೊಂಡು ಅಳುತ್ತಿದ್ದ. ನಾಚಿಕೆಗಾಗಿ ಕಾದಿದ್ದೆ, ಭಕ್ತಿ ಬಂತು. ಇಲ್ಲ ಕಣೋ ಮಂಜ, ಇದು ಯಾವುದು ಗೊತ್ತಾ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಬಾಗಿಲಲ್ಲಿ ಭಾಗ್ಯ. ತೋಳಲ್ಲಿ ಕೂಸು. ಅವಳು ಮೊದಲು ಗಂಡನನ್ನು ನೋಡಿದಳು, ಆಮೇಲೆ ಕೌದಿಯನ್ನು. ಅಲ್ಲೇ ನಿಂತಳು. ಬಣ್ಣ ಮಂಕಾಗಿದ್ದರೇನು, ಅಂಗಡಿಯಲ್ಲಿ ಆರಿಸಿ ಕೊಂಡವಳಿಗೆ ಅಂಚು ಗೊತ್ತಾಗದೇ ಇರುತ್ತದೆಯೇ. ನಾನು ಮಂಜನ ಮುಖದ ಮೇಲೆ ನೋಡಬೇಕೆಂದಿದ್ದುದೆಲ್ಲ ಅವಳ ಮುಖದ ಮೇಲೆ ಬಂತು, ಹೋಯಿತು.

"ಹೂಂ ರೀ, ಅತ್ತೇರದ್ದೇ. ಏಳಿ, ಕೂಸ್ ಮಲಗಿಸ್ಬೇಕು" ಎಂದಳು. ಗಂಡನನ್ನು ಪಕ್ಕಕ್ಕೆ ಸರಿಸಿ, ನಡುವಿನ ಚೌಕ ಪೂರ್ತಿ ಮುಚ್ಚುವ ಹಾಗೆ ಕೂಸನ್ನು ಅದರ ಮೇಲೆ ಮಲಗಿಸಿ, ನನ್ನತ್ತ ತಿರುಗಿಯೂ ನೋಡದೆ ಹೊರಟುಹೋದಳು.

ಅವತ್ತು ಅವ್ವ ನನ್ನ ಬಾಯಿ ಮುಚ್ಚಿಸಿದಳು, ಇವತ್ತು ಇವಳು. ಬರುವಾಗ ಮಂಜ ಎಂದಿನಂತೆ ಒಂದು ಚೀಲ ಕಾಯಿ ಕೊಡಲು ಬಂದ, ಸೊಂಟನೋವು, ಹೊರಲಾಗುವುದಿಲ್ಲ ಎಂದು ಬಿಟ್ಟು ಬಂದೆ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ನೋಡುತ್ತಾ, "ನಾ ಹೇಳಿರ್ಲಿಲ್ವಾ" ಎಂದಳು. ಗೆದ್ದವಳ ಧ್ವನಿಯೇನೂ ಅಲ್ಲ ಅದು. ತುಮಕೂರು ಬರುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬದನೆಕಾಯಿ ಬಣ್ಣ ಉಡುವ ಪ್ರಸಂಗ ಬರುತ್ತಿರಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಗೇಟಿನ ಮುಂದೆ ಆಟೋ ನಿಂತಿತು. ಇಳಿದವಳು ಭಾಗ್ಯ, ಒಬ್ಬಳೇ. ಮದುವೆಯಾಗಿ ಬಂದಾಗಿನಿಂದ ಅವಳು ನಮ್ಮ ಮನೆಗೆ ಒಬ್ಬಳೇ ಬಂದವಳಲ್ಲ. ಕೂಸಿಗೆ ಇಂಜೆಕ್ಷನ್ ಹಾಕಿಸಲು ತುಮಕೂರಿಗೆ ಬಂದಿದ್ದಾರೆ, ಚೈತ್ರ ಆಸ್ಪತ್ರೆಯಲ್ಲಿ ಕೂತಿದ್ದಾಳೆ, ಆಟೋ ಕಾಯುತ್ತಿದೆ ಎಂದಳು. ಕಾಫಿ ಕುಡಿದಳು. ಬ್ಯಾಗಿನಿಂದ ಒಂದು ಸೀರೆಯ ಡಬ್ಬಿ ತೆಗೆದು ಟೀಪಾಯಿಯ ಮೇಲಿಟ್ಟಳು.

"ಒಂದ್ ಕೌದಿ ಸಾಲ್ತಾ ಇಲ್ಲ ಅತ್ಗೆ. ಒದ್ದೆ ಮಾಡ್ತಾಳೆ, ಮೋಡ ಇದ್ರೆ ಒಣಗಲ್ಲ. ಇನ್ನೊಂದು ಹೊಲ್ಕೊಡಿ."

ತೆರೆದು ನೋಡಿದೆ. ಬದನೆಕಾಯಿ ಬಣ್ಣ. ಮಡಿಕೆ ಮುರಿದಿರಲಿಲ್ಲ, ಪಿನ್ನು ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗಿತ್ತು. "ಇದು ಉಟ್ಟೇ ಇಲ್ಲವಲ್ಲ ಭಾಗ್ಯ. ಕೂಸಿಗೆ ಆಗಲ್ಲ" ಎಂದೆ.

"ಉಟ್ಟಿಲ್ಲ. ಕುಣಿಗಲ್ಲಲ್ಲಿ ನಮ್ಮಣ್ಣಂದಿರು ಕೊಟ್ಟಿದ್ದು." ಅವಳು ಕಾಫಿ ಲೋಟದೊಳಗೆ ನೋಡುತ್ತಿದ್ದಳು. "ನೀವು ಸೈನ್ ಹಾಕಿದ್ರಲ್ಲ, ಅದರ ಹಿಂದ್ಲ ವರ್ಷ ನಾನೂ ಹಾಕ್ ಬಂದಿದ್ದೆ."

ನಾನು ತುಕ್ಕಿನ ಕಲೆಯ ಮೇಲೆ ಬೆರಳಾಡಿಸಿದೆ.

"ಇದ್ನ ನೋಡ್ಕಂಡೇ ನಿಮ್ಮದ್ನ ತಂದಿದ್ದು ಅತ್ಗೆ. ಇದೇ ಥರ, ಇದೇ ರೇಟು. ಜಾಸ್ತಿದು ತರಕ್ಕೆ ನಿಮ್ ತಮ್ಮ ಬಿಡ್ಲಿಲ್ಲ. ಕಮ್ಮಿದು ತರಕ್ಕೆ ನಂಗೆ ಮನಸ್ಸು ಬರ್ಲಿಲ್ಲ."

"ಇಷ್ಟ್ ವರ್ಷ ಯಾಕೆ ಉಡ್ಲಿಲ್ಲ?"

"ಉಟ್ರೆ ನಿಮ್ ತಮ್ಮ ಚೆನ್ನಾಗೈತೆ ಅಂತಾರೆ. ಅದ್ನ ಕೇಳಕ್ಕಾಗಲ್ಲ." ಎದ್ದು ನಿಂತಳು. "ನೀವೇ ಉಟ್ಟು ಹಳೇದ್ ಮಾಡಿ. ನಿಮಗೆ ಗೊತ್ತಲ್ಲ ಹೆಂಗೆ ಅಂತ."

ಅವತ್ತು ಅತ್ತೆಯವರದ್ದೇ ಎಂದು ಸುಳ್ಳು ಹೇಳಿದ್ದು ಯಾಕೆ ಎಂದು ಕೇಳಬೇಕೆಂದಿದ್ದೆ. ಗೇಟಿನವರೆಗೂ ಹೋದೆ, ಕೇಳಲಾಗಲಿಲ್ಲ. ಅವಳ ಮೇಲಿನ ಸಿಟ್ಟು ಹೋಯಿತೆಂದು ನಾನು ಹೇಳುವುದಿಲ್ಲ. ಆ ಹಸಿರು ಸೀರೆಯನ್ನು ಅಂಗಡಿಯಲ್ಲಿ ಬೆರಳಿನಿಂದ ಮುಟ್ಟಿ ಆರಿಸಿದವಳು ಅವಳೇ, ಆರಿಸುವಾಗ ಅದರ ಅರ್ಥ ಪೂರ್ತಿ ಗೊತ್ತಿದ್ದವಳು. ಗೊತ್ತಿಲ್ಲದೆ ಮಾಡಿದ ತಮ್ಮನಿಗಿಂತ ಗೊತ್ತಿದ್ದೂ ಮಾಡಿದ ಇವಳ ಮೇಲೆ ಹೆಚ್ಚು ಸಿಟ್ಟಾಗಬೇಕೋ ಕಡಿಮೆಯೋ ನನಗೆ ಬಗೆಹರಿದಿಲ್ಲ. ಆಟೋ ಹತ್ತಿದವಳು ತಲೆ ಹೊರಗೆ ಹಾಕಿ ಒಂದೇ ಮಾತು ಹೇಳಿದಳು.

"ಇದನ್ನೂ ನಡುಮಧ್ಯಕ್ಕೇ ಹಾಕಿ ಅತ್ಗೆ."

ಹೀಗಾಗಿ ಈ ವಯಸ್ಸಿನಲ್ಲಿ ನಾನು ಮತ್ತೆ ಬದನೆಕಾಯಿಯಾಗಿದ್ದೇನೆ. ತೆಂಗಿನ ನಾರಿಲ್ಲ, ಆದರೂ ಮೈ ಕೆರೆಯುತ್ತದೆ. ಸೀರೆ ಇನ್ನೂ ಬಿರುಸು. ಕೆನ್ನೆಗೆ ಎಳೆದರೆ ಗೀರುತ್ತದೆ, ಮಳೆಗಾಲ ಕಳೆಯುವವರೆಗಾದರೂ ಉಡಬೇಕು. ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಅವ್ಳ ಸೀರೇನೂ ನೀನೇ ಸವೆಸ್ಬೇಕೇನೇ?" ಎಂದಳು. ಹೌದು ಎಂದೆ. ಎಷ್ಟಾದರೂ ಅನುಭವಸ್ಥೆ.

ಕೌದಿ ಮುಗಿದ ಮೇಲೆ ಗುಬ್ಬಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಮಂಜನಿದ್ದಾಗಲೇ ಬಿಡಿಸಿ ಹಾಸುತ್ತೇನೆ. ಅವನು ಬಗ್ಗಿ ನೋಡುತ್ತಾನೆ, ಕೈಯಾಡಿಸುತ್ತಾನೆ, ಇದು ಯಾರ ಸೀರೆ ಅಕ್ಕ ಎಂದು ಕೇಳುತ್ತಾನೆ. ಈ ಸಲ ಅವನು ಕೇಳಲೇಬೇಕು. ಅವ್ವ ಬದನೆಕಾಯಿ ಬಣ್ಣ ಉಟ್ಟವಳೇ ಅಲ್ಲ.